ಭಾರ ಬಿದ್ದೊಡನೆ ವಿಂಚ್ ನಿಂತುಬಿಡುತ್ತದೆ: ದೋಷ ಬ್ಯಾಟರಿಯದೋ, ವೈರಿಂಗ್‌ನದೋ?

ಪ್ರಶ್ನೆ: ಬನಶಂಕರಿ ಥಾರ್

ಎಲ್ಲರಿಗೂ ನಮಸ್ಕಾರ. ನಮ್ಮದು ಡೀಸೆಲ್ ಥಾರ್. ಬೆಂಗಳೂರಿನಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಸಕಲೇಶಪುರದ ಕಡೆ ಇರುವ ಮಾವನವರ ಕಾಫಿ ತೋಟಕ್ಕೆ ಹೋದಾಗಲೇ ಅದರ ನಿಜವಾದ ಉಪಯೋಗ. ಮಳೆಗಾಲದಲ್ಲಿ ತೋಟದ ಒಳದಾರಿಯಲ್ಲಿ ಪಿಕಪ್ ಗಾಡಿಗಳು ಹೂತುಕೊಳ್ಳುವುದು ಸಾಮಾನ್ಯವಾದ್ದರಿಂದ, ಕಳೆದ ವರ್ಷ ನಗರದ ಅಂಗಡಿಯೊಂದರಲ್ಲಿ ಮುಂಭಾಗಕ್ಕೆ 12 ವೋಲ್ಟಿನ ಎಲೆಕ್ಟ್ರಿಕ್ ವಿಂಚ್, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ, ಹಾಕಿಸಿಕೊಂಡೆವು. ಅದರ ಮೇಲೆ ಬರೆದಿರುವ ಸಾಮರ್ಥ್ಯ 9,500 ಪೌಂಡ್, ಅಂದರೆ ಸುಮಾರು 4,300 ಕಿಲೋ. ಹಗ್ಗ ಉಕ್ಕಿನದು, ಮುಂದೆ ಹಗ್ಗಕ್ಕೆ ದಾರಿ ತೋರಿಸುವ ನಾಲ್ಕು ರೋಲರ್‌ಗಳ ಚೌಕಟ್ಟು, ಅಂದರೆ ಫೇರ್‌ಲೀಡ್ ಇದೆ.

ತೊಂದರೆ ಏನೆಂದರೆ, ಭಾರವಿಲ್ಲದೆ ಗುಂಡಿ ಒತ್ತಿದರೆ ಡ್ರಮ್ ಎರಡೂ ಕಡೆಗೆ ಸಲೀಸಾಗಿ ತಿರುಗುತ್ತದೆ. ಆದರೆ ಹಗ್ಗ ಬಿಗಿಯಾಗಿ ನಿಜವಾದ ಎಳೆತ ಶುರುವಾದೊಡನೆ ಮೋಟಾರಿನ ದನಿ ಕುಗ್ಗುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ, ಕೊನೆಗೆ ಕಂಟ್ರೋಲ್ ಬಾಕ್ಸಿನಿಂದ ಟಕ್ ಟಕ್ ಎಂಬ ಸದ್ದು ಮಾತ್ರ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೆಲಸ ಮಾಡುತ್ತದೆ. ಹಾಕಿಕೊಟ್ಟ ಅಂಗಡಿಯವರು ಬ್ಯಾಟರಿ ಬದಲಿಸಿ ಎನ್ನುತ್ತಾರೆ. ಮನೆಯ ಹತ್ತಿರದ ಮೆಕ್ಯಾನಿಕ್ ಮೋಟಾರ್ ಹೋಗಿದೆ ಎನ್ನುತ್ತಾರೆ. ಪರಿಚಿತರೊಬ್ಬರು 12,000 ಪೌಂಡಿನ ವಿಂಚ್ ಕೊಳ್ಳುವುದೇ ಸರಿ ಎಂದಿದ್ದಾರೆ. ಮೂರಕ್ಕೂ ಹಣ ಸುರಿಯುವ ಮೊದಲು ಯಾವುದನ್ನು ಹೇಗೆ ಪರೀಕ್ಷಿಸಬೇಕು?

ಇನ್ನೆರಡು ವಿಷಯಗಳಿವೆ. ಮಳೆಗಾಲಕ್ಕೆ ಮುಂಚೆ ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಗ್ಗ ಹಾಕಿಸುವುದು ಒಳ್ಳೆಯದೇ? ನಾನಿಲ್ಲದಾಗ ತೋಟದ ರೈಟರ್ (ಮೇಲ್ವಿಚಾರಣೆ, ಲೆಕ್ಕ ನೋಡುವವರು) ಮತ್ತು ಡ್ರೈವರ್ ಇದನ್ನು ಬಳಸುತ್ತಾರೆ. ಅವರಿಗೆ ಕಡ್ಡಾಯವಾಗಿ ಹೇಳಿಕೊಡಬೇಕಾದದ್ದು ಏನು?

ಉತ್ತರ: ಜೆ.ಸಿ. ರಸ್ತೆಯ ವೈರಿಂಗ್ ಕೆಲಸದವ

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಮೋಟಾರ್ ಸುಟ್ಟಿರುವ ಸಾಧ್ಯತೆ ಕಡಿಮೆ. ಸುಟ್ಟ ಮೋಟಾರ್ ಸ್ವಲ್ಪ ಹೊತ್ತು ಬಿಟ್ಟ ಮಾತ್ರಕ್ಕೆ ಸರಿಹೋಗುವುದಿಲ್ಲ. ಭಾರ ಬಿದ್ದಾಗ ಮಾತ್ರ ಸೋಲುತ್ತಿದೆ, ಜೊತೆಗೆ ಸಾಲೆನಾಯ್ಡ್ (ಕಂಟ್ರೋಲ್ ಬಾಕ್ಸಿನೊಳಗೆ ಮೋಟಾರಿಗೆ ಕರೆಂಟ್ ಹರಿಸುವ ಸ್ವಿಚ್) ಟಕ್ ಎನ್ನುತ್ತಿದೆ ಎಂದರೆ ಮೋಟಾರಿಗೆ ತಲುಪುವ ಹೊತ್ತಿಗೆ ವೋಲ್ಟೇಜ್ ಕುಸಿದಿರುತ್ತದೆ. ಅದು ಕುಸಿಯುವುದು ಬ್ಯಾಟರಿಯೊಳಗೋ, ಕೇಬಲಿನಲ್ಲೋ, ಯಾವುದಾದರೂ ಜೋಡಣೆಯಲ್ಲೋ ಎಂಬುದನ್ನು ಸಾಧಾರಣ ಮಲ್ಟಿಮೀಟರ್ ಹೇಳಿಬಿಡುತ್ತದೆ.

ಈ ಗಾತ್ರದ ವಿಂಚ್ ಬರಿದೇ ತಿರುಗುವಾಗ 60ರಿಂದ 80 ಆಂಪಿಯರ್ ಎಳೆದುಕೊಳ್ಳುತ್ತದೆ. ಪೂರ್ಣ ಭಾರದಲ್ಲಿ 400 ಆಂಪಿಯರ್ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಇಷ್ಟು ಕರೆಂಟ್ ಹರಿಯುವಾಗ ಸಣ್ಣ ಅಡೆತಡೆಯೂ ದೊಡ್ಡದಾಗುತ್ತದೆ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 5 ಮಿಲಿ ಓಮ್ ಇದ್ದರೆ 400 ಆಂಪಿಯರಿನಲ್ಲಿ ಅಲ್ಲಿಯೇ 2 ವೋಲ್ಟ್ ಕಳೆದುಹೋಗುತ್ತದೆ, ಮತ್ತು ಆ ಒಂದು ನಟ್ಟಿನ ಸುತ್ತ 800 ವ್ಯಾಟಿನ ಶಾಖ ಹುಟ್ಟುತ್ತದೆ. ಕೇಬಲಿನ ಲೆಕ್ಕವೂ ಹಾಗೆಯೇ. ಹೋಗುವ ದಾರಿ, ಬರುವ ದಾರಿ ಸೇರಿ 4 ಮೀಟರ್ ಎಂದುಕೊಂಡರೆ 35 ಚದರ ಮಿಲಿಮೀಟರಿನ ತಾಮ್ರದ ಕೇಬಲಿನಲ್ಲಿ ಸುಮಾರು 0.8 ವೋಲ್ಟ್ ನಷ್ಟವಾದರೆ, 16 ಚದರ ಮಿಲಿಮೀಟರಿನದ್ದರಲ್ಲಿ ಅದು 1.7 ವೋಲ್ಟಿಗೆ ಏರುತ್ತದೆ. ಹೊರಗಿನ ರಬ್ಬರ್ ದಪ್ಪಗಿದೆ ಎಂದು ಕೇಬಲನ್ನು ನಂಬಬೇಡಿ. ಒಳಗಿನ ತಾಮ್ರವನ್ನು ನೋಡಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಚ್ಚಿದ ಎಳೆಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ.

ಪರೀಕ್ಷೆಯನ್ನು ಹೀಗೆ ಮಾಡಿ. ತುಸು ಏರಿರುವ, ಜನ ಓಡಾಡದ ಜಾಗದಲ್ಲಿ ಕೊಕ್ಕೆಯನ್ನು ಗಟ್ಟಿಯಾದ ಆಧಾರಕ್ಕೆ ಹಾಕಿ, ಎಂಜಿನ್ ಓಡುತ್ತಿರುವಾಗ, ಒಬ್ಬರು ಬ್ರೇಕನ್ನು ಹಗುರವಾಗಿ ಅದುಮಿ ಹಿಡಿದಿರಲು ವಿಂಚ್ ಎಳೆಯಲಿ. ಮಲ್ಟಿಮೀಟರಿಗೆ ಉದ್ದನೆಯ ವೈರುಗಳನ್ನು ಕ್ಲಿಪ್ ಹಾಕಿ ಸೇರಿಸಿ. ಓದುವವರು ವಾಹನದ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಮುಂದೆ ಹಗ್ಗದ ಬಳಿ ಬಾಗಿ ನಿಲ್ಲಬಾರದು. ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ, ನಂತರ ಮೋಟಾರಿನ ತುದಿಗಳಲ್ಲಿ ಅಳೆಯಿರಿ. ಬ್ಯಾಟರಿಯಲ್ಲೇ ವೋಲ್ಟೇಜ್ 10ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ ಎಂದರ್ಥ. ಅಲ್ಲಿ ಚೆನ್ನಾಗಿದ್ದು ಮೋಟಾರಿನಲ್ಲಿ ಇಳಿದಿದ್ದರೆ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಮೋಟಾರಿನ ಅರ್ಥ್ ತುದಿಗೂ ಇಟ್ಟು ನೋಡಿ. ಆ ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿಬಿದ್ದ. ಪ್ಲಸ್ ಕಡೆಯನ್ನೂ ಹೀಗೆಯೇ ತುಂಡು ತುಂಡಾಗಿ ಅಳೆಯಬಹುದು. ಸಾಲೆನಾಯ್ಡಿನ ಒಳಬರುವ ತುದಿಯಲ್ಲಿ ವೋಲ್ಟೇಜ್ ಇದ್ದು ಹೊರಹೋಗುವ ತುದಿಯಲ್ಲಿ ಇಲ್ಲವಾದರೆ ಅದರೊಳಗಿನ ಕಾಂಟ್ಯಾಕ್ಟ್ ಕರಕಲಾಗಿದೆ. ಮೋಟಾರಿನವರೆಗೆ ಪೂರ್ತಿ ವೋಲ್ಟೇಜ್ ಬಂದೂ ಅದು ತಿರುಗದಿದ್ದರೆ ಮಾತ್ರ ಕಾರ್ಬನ್ ಬ್ರಷ್ ಬಿಚ್ಚಿ ನೋಡಿ.

ಮೋಟಾರಿನ ತುದಿಯ ನಟ್ಟನ್ನು ಬಿಗಿಮಾಡುವಾಗ ಒಂದು ಎಚ್ಚರಿಕೆ. ಅಲ್ಲಿ ಒಂದರ ಮೇಲೊಂದು ಎರಡು ನಟ್ಟುಗಳಿರುತ್ತವೆ. ಕೆಳಗಿನದನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು ಮೇಲಿನದನ್ನು ಇನ್ನೊಂದರಿಂದ ಬಿಗಿಮಾಡಬೇಕು. ಹಾಗೆ ಮಾಡದಿದ್ದರೆ ತಾಮ್ರದ ಸ್ಟಡ್ಡೇ ತಿರುಗಿ ಒಳಗಿನ ಬೆಸುಗೆ ಕಿತ್ತುಬರುತ್ತದೆ, ಚೆನ್ನಾಗಿದ್ದ ಮೋಟಾರ್ ನಮ್ಮ ಕೈಯಲ್ಲೇ ಕೆಟ್ಟುಹೋಗುತ್ತದೆ.

ಎಲ್ಲ ಸರಿಯಿದ್ದರೂ ವಿಂಚನ್ನು ನಿರಂತರವಾಗಿ ಓಡಿಸುವಂತಿಲ್ಲ. ಆಲ್ಟರ್ನೇಟರ್ ಕೊಡುವುದು ನೂರು ಆಂಪಿಯರಿನ ಆಸುಪಾಸು. ಮಿಕ್ಕದ್ದೆಲ್ಲ ಬ್ಯಾಟರಿಯಿಂದ ಹೋಗುತ್ತದೆ. ಭಾರೀ ಎಳೆತ ಒಂದು ನಿಮಿಷವಾದೊಡನೆ ನಿಲ್ಲಿಸಿ, ಕೆಲವು ನಿಮಿಷ ಎಂಜಿನನ್ನು ಓಡಲು ಬಿಟ್ಟು, ಮೋಟಾರಿನ ಮೈ ಕೈಯಿಟ್ಟು ತಾಳಿಕೊಳ್ಳುವಷ್ಟು ತಣ್ಣಗಾದ ಮೇಲೆ ಮುಂದುವರಿಸುವುದು ಕ್ರಮ. ಬ್ಯಾಟರಿಯ ಹತ್ತಿರ, ಡ್ರೈವರಿನ ಕೈಗೆ ಬೇಗನೆ ಸಿಗುವಂತೆ ಒಂದು ಐಸೊಲೇಟರ್ ಸ್ವಿಚ್ ಇರಲೇಬೇಕು. ಸಾಲೆನಾಯ್ಡಿನ ಕಾಂಟ್ಯಾಕ್ಟುಗಳು ಒಂದಕ್ಕೊಂದು ಬೆಸೆದುಕೊಂಡರೆ ರಿಮೋಟ್ ಬಿಟ್ಟರೂ ಡ್ರಮ್ ನಿಲ್ಲುವುದಿಲ್ಲ. ಆಗ ನಿಮ್ಮನ್ನು ಕಾಯುವುದು ಆ ಸ್ವಿಚ್ ಒಂದೇ. ಕೆಲಸವಿಲ್ಲದಾಗ ಅದು ಆಫ್ ಆಗಿರಲಿ, ಏಕೆಂದರೆ ಬಹಳಷ್ಟು ವಿಂಚ್‌ಗಳ ಮುಖ್ಯ ಕೇಬಲಿಗೆ ಫ್ಯೂಸ್ ಇರುವುದಿಲ್ಲ, ಮತ್ತು ಬಂಪರಿನ ಹರಿತವಾದ ಅಂಚಿಗೆ ಉಜ್ಜಿ ರಬ್ಬರ್ ಸವೆದ ಪ್ಲಸ್ ಕೇಬಲ್ ನೇರವಾಗಿ ಬೆಂಕಿಗೆ ಕಾರಣವಾಗುತ್ತದೆ.

ಉತ್ತರ: ಮಲೆನಾಡಿನ ತೋಟದವ, ಈಗ ಯಲಹಂಕ

ವಿದ್ಯುತ್ತಿನ ವಿಷಯವನ್ನು ಮೇಲಿನವರು ಹೇಳಿದ್ದಾರೆ. ನಾನು ಹಗ್ಗದ ಇನ್ನೊಂದು ತುದಿಯ ವಿಷಯ ಹೇಳುತ್ತೇನೆ.

12,000 ಪೌಂಡಿನದ್ದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಜನ, ಸಾಮಾನು ಎಲ್ಲ ಸೇರಿದ ವಾಹನದ ತೂಕದ ಒಂದೂವರೆ ಪಟ್ಟು ಸಾಮರ್ಥ್ಯವಿರಬೇಕು ಎಂಬುದು ರೂಢಿಯ ಲೆಕ್ಕ. ಒಟ್ಟು ತೂಕ 2,300 ಕಿಲೋ ಎಂದು ಹಿಡಿದರೂ 3,450 ಕಿಲೋ ಸಾಕು. ಆದರೆ ವಿಂಚಿನ ಮೇಲೆ ಬರೆದ ಸಂಖ್ಯೆ ಡ್ರಮ್ಮಿಗೆ ಅಂಟಿಕೊಂಡಿರುವ ಮೊದಲ ಪದರಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಹಗ್ಗ ಪದರದ ಮೇಲೆ ಪದರವಾಗಿ ಸುತ್ತಿಕೊಂಡಂತೆ ಡ್ರಮ್ಮಿನ ವ್ಯಾಸ ಹೆಚ್ಚಿ ಎಳೆಯುವ ಬಲ ತಗ್ಗುತ್ತದೆ. ನಾಲ್ಕನೆಯ ಪದರದ ಹೊತ್ತಿಗೆ ಅದು ಮೂರರಲ್ಲಿ ಎರಡು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಅಂದರೆ ನಿಮ್ಮ 4,300 ಕಿಲೋ ಅಲ್ಲಿ ಸುಮಾರು 2,800 ಆಗುತ್ತದೆ. ಇನ್ನು ಚಕ್ರ ಮುಳುಗುವಷ್ಟು ಕೆಸರಿನಲ್ಲಿ ಹೂತ ವಾಹನವನ್ನು ಕೀಳಲು ಅದರ ತೂಕದಷ್ಟೇ ಬಲ ಬೇಕು ಎಂಬುದು ಅಂದಾಜು. 15 ಡಿಗ್ರಿಯ ಏರು ಇದ್ದರೆ ಅದಕ್ಕೆ ತೂಕದ ಕಾಲು ಭಾಗವನ್ನು ಸೇರಿಸಬೇಕು. 2,300ಕ್ಕೆ ಸುಮಾರು 600 ಸೇರಿದರೆ 2,900. ಹತ್ತಿರದ ಮರಕ್ಕೆ ಕೊಕ್ಕೆ ಹಾಕಿ, ಡ್ರಮ್ಮಿನ ತುಂಬ ಹಗ್ಗ ಇಟ್ಟುಕೊಂಡು ಎಳೆದರೆ ವೈರಿಂಗ್ ಎಷ್ಟೇ ಚೆನ್ನಾಗಿದ್ದರೂ ವಿಂಚ್ ತಿಣುಕುತ್ತದೆ. ಆದ್ದರಿಂದ ಸಾಧ್ಯವಿದ್ದಷ್ಟೂ ದೂರದ ಆಧಾರವನ್ನು ಆರಿಸಿಕೊಳ್ಳಿ. ಆದರೆ ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಆದರೆ 8ರಿಂದ 10 ಸುತ್ತು ಡ್ರಮ್ಮಿನಲ್ಲಿ ಉಳಿದಿರಬೇಕು. ಹಗ್ಗವನ್ನು ಹಿಡಿದಿಡುವುದು ಆ ಸುತ್ತುಗಳ ಘರ್ಷಣೆಯೇ ಹೊರತು ತುದಿಯ ಸಣ್ಣ ಸ್ಕ್ರೂ ಅಲ್ಲ.

ದೂರದಲ್ಲಿ ಆಧಾರ ಸಿಗದಿದ್ದರೆ ರಾಟೆ, ಅಂದರೆ ಸ್ನ್ಯಾಚ್ ಬ್ಲಾಕ್ ಬಳಸಿ. ರಾಟೆಯನ್ನು ಮರಕ್ಕೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ, ಕೊಕ್ಕೆಯನ್ನು ವಾಪಸು ನಿಮ್ಮ ವಾಹನದ ಚಾಸಿಗೇ ಹಾಕಿದಾಗ ಮಾತ್ರ ಬಲ ಎರಡು ಪಟ್ಟಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ನಿಮ್ಮ ವಾಹನ ಒಂದು ಕಡೆ ನಿಂತು, ಮರದ ರಾಟೆಯ ಮೂಲಕ ಪಕ್ಕದ ದಾರಿಯ ಪಿಕಪ್ಪನ್ನು ಎಳೆದರೆ ಬಾವಿಯ ರಾಟೆಯಂತೆ ದಿಕ್ಕು ಬದಲಾಗುತ್ತದೆ ಅಷ್ಟೆ, ಬಲ ಹೆಚ್ಚುವುದಿಲ್ಲ. ಎರಡೂ ಎಳೆಗಳು ಒಂದೇ ದಿಕ್ಕಿನಲ್ಲಿದ್ದರೆ ಮರದ ಮೇಲೆ ಬೀಳುವ ಭಾರ ಹಗ್ಗದ ಬಿಗಿತದ ಎರಡರಷ್ಟಿರುತ್ತದೆ. ವಿಂಚ್ ನಿಲ್ಲುವವರೆಗೆ ಎಳೆದರೆ ಅದು 8,600 ಕಿಲೋವರೆಗೂ ಹೋಗಬಹುದು. ಸಾಮಾನ್ಯವಾಗಿ ಬಳಸುವ ಮುಕ್ಕಾಲು ಇಂಚಿನ ಬೋ ಶ್ಯಾಕಲಿನ (ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿಯ) ಮೇಲೆ ಕೆತ್ತಿರುವ ಕೆಲಸದ ಮಿತಿ 4.75 ಟನ್. ಮಿತಿ ಕೆತ್ತಿರದ ಶ್ಯಾಕಲನ್ನು ಎಷ್ಟೇ ದಪ್ಪವಿದ್ದರೂ ಬಳಸಬೇಡಿ.

ಯಾವ ಮರ ಎಂಬುದೂ ಮುಖ್ಯ. ತೋಟದಲ್ಲಿ ಸಾಲಾಗಿ, ನೆಟ್ಟಗೆ ನಿಂತಿರುವ ಸಿಲ್ವರ್ ಓಕ್ ಕೈಗೆ ಮೊದಲು ಸಿಗುತ್ತದೆ, ಆದರೆ ಅದರ ಮರ ಪೆಡಸು, ಮುರಿಯುವ ಜಾತಿ. ಜೊತೆಗೆ ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿಯ ಮೇಲೆಯೇ ಪಟ್ಟಿ ಬಿಗಿದು ಎಳೆದರೆ ವರ್ಷಗಳ ಬಳ್ಳಿ ಬುಡದಲ್ಲೇ ಜಜ್ಜಿಹೋಗುತ್ತದೆ, ಮಾವನವರ ಮುಖ ನೋಡುವುದು ಕಷ್ಟವಾದೀತು. ಬಲಿತ ಹಲಸಿನ ಮರ ಉತ್ತಮ. ಪಟ್ಟಿಯನ್ನು ನೆಲಕ್ಕೆ ಆದಷ್ಟು ಹತ್ತಿರ, ಅಗಲವಾಗಿ ಸುತ್ತಿ, ಅದರ ಎರಡೂ ಕಿವಿಗಳನ್ನು ಶ್ಯಾಕಲಿಗೆ ಸೇರಿಸಬೇಕು. ಹಗ್ಗವನ್ನೇ ಮರಕ್ಕೆ ಸುತ್ತಿ ಅದರ ಮೈಗೆ ಕೊಕ್ಕೆ ಹಾಕುವ ಅಭ್ಯಾಸ ಮರಕ್ಕೂ ಕೇಡು, ಹಗ್ಗಕ್ಕೂ ಕೇಡು. ಬಯಲಿನಲ್ಲಿ ಏನೂ ಇಲ್ಲದಿದ್ದರೆ ಸ್ಟೆಪ್ನಿಯನ್ನು ಆಳವಾದ ಗುಂಡಿಯಲ್ಲಿ ಹೂತು ಆಧಾರ ಮಾಡಿಕೊಳ್ಳಬಹುದು. ಅರ್ಧ ದಿನದ ಕೆಲಸ, ಆದರೆ ಆಗುತ್ತದೆ.

ರೈಟರ್ ಮತ್ತು ಡ್ರೈವರಿಗೆ ಹೇಳಬೇಕಾದದ್ದರಲ್ಲಿ ಮೊದಲನೆಯದು, ಹಗ್ಗ ಬಿಗಿಯಾದ ಮೇಲೆ ಅದನ್ನು ಯಾರೂ ದಾಟಬಾರದು, ಅದರ ನೇರದಲ್ಲಿ ಯಾರೂ ನಿಲ್ಲಬಾರದು. ತೋಟದಲ್ಲಿ ಗಾಡಿ ಹೂತರೆ ಇಡೀ ಲೈನಿನ (ಕಾರ್ಮಿಕರ ಮನೆಸಾಲಿನ) ಮಕ್ಕಳು ನೋಡಲು ಬಂದು ನಿಲ್ಲುತ್ತಾರೆ; ಅವರನ್ನು ಹೊರಬಿಟ್ಟ ಹಗ್ಗದ ಒಂದೂವರೆ ಪಟ್ಟು ದೂರಕ್ಕೆ ಕಳಿಸಿದ ನಂತರವೇ ರಿಮೋಟ್ ಕೈಗೆತ್ತಿಕೊಳ್ಳಬೇಕು. ಹಗ್ಗದ ಮಧ್ಯಭಾಗದ ಮೇಲೆ ಒದ್ದೆ ಮಾಡಿದ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹಾಕಿದರೆ ಹಗ್ಗ ತುಂಡಾದಾಗ ಅದು ಚಿಮ್ಮುವ ರಭಸ ತಗ್ಗುತ್ತದೆ. ಹಗ್ಗ ಒಳಬರುತ್ತಿದ್ದಂತೆ ನಿಲ್ಲಿಸಿ ಚೀಲವನ್ನು ಹಿಂದಕ್ಕೆ ಸರಿಸುತ್ತಿರಬೇಕು. ಬಾನೆಟ್ ಎತ್ತಿಟ್ಟರೆ ಗಾಜಿಗೂ ಡ್ರೈವರಿಗೂ ಮರೆಯಾಗುತ್ತದೆ. ಸನ್ನೆ ಮಾಡುವವರು ಒಬ್ಬರೇ ಇರಬೇಕು. ಆದರೆ ನಿಲ್ಲಿಸು ಎಂಬ ಸನ್ನೆಯನ್ನು ಯಾರು ಬೇಕಾದರೂ ಮಾಡಬಹುದು ಮತ್ತು ಅದನ್ನು ಪ್ರಶ್ನೆಯಿಲ್ಲದೆ ಪಾಲಿಸಬೇಕು.

ಚರ್ಮದ ಕೈಗವಸು ಕಡ್ಡಾಯ. ಹಾಗೆಂದು ಕೈಗವಸು ಹಾಕಿಕೊಂಡು ಚಲಿಸುವ ಹಗ್ಗವನ್ನು ಡ್ರಮ್ಮಿಗೆ ದಾರಿ ತೋರಿಸುವುದೂ ಸಲ್ಲದು. ಉಕ್ಕಿನ ಒಂದು ಬಿಡಿ ಎಳೆ ಕೈಗವಸಿಗೆ ಸಿಕ್ಕಿಕೊಂಡರೆ ಕೈ ರೋಲರುಗಳ ನಡುವೆ ಹೋಗುತ್ತದೆ. ಕೊಕ್ಕೆಯನ್ನು ಹಿಡಿಯಲು ಅದಕ್ಕೆ ಕಟ್ಟಿರುವ ಕೆಂಪು ಪಟ್ಟಿಯನ್ನೇ ಬಳಸಬೇಕು. ಹಗ್ಗ ಬಿಗಿಯಾಗಿರುವಾಗ ವಿಂಚಿನ ಕ್ಲಚ್ ಹಿಡಿಯನ್ನು (ಡ್ರಮ್ಮನ್ನು ಮೋಟಾರಿನಿಂದ ಬೇರ್ಪಡಿಸುವುದನ್ನು) ಎಂದಿಗೂ ಬಿಡಿಸಬಾರದು. ನಿಮ್ಮ ವಾಹನ ನಿಂತು ಬೇರೆ ಗಾಡಿಯನ್ನು ಎಳೆಯುತ್ತಿದ್ದರೆ ಗೇರ್ ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಗಳಿಗೆ ಕಲ್ಲು ಕೊಡಿ. ಆಟೋಮ್ಯಾಟಿಕ್ ಗಾಡಿಯನ್ನು ಪಾರ್ಕ್‌ನಲ್ಲಿಟ್ಟು ಎಳೆದರೆ ಗೇರ್‌ಬಾಕ್ಸಿನೊಳಗಿನ ಸಣ್ಣ ಹಲ್ಲು ಅಷ್ಟು ಭಾರವನ್ನು ತಡೆಯಲಾರದು. ಹೂತ ಗಾಡಿಯ ಡ್ರೈವರ್ ಚಕ್ರವನ್ನು ನಿಧಾನವಾಗಿ ತಿರುಗಿಸಿ ನೆರವಾಗಬಹುದು, ಆದರೆ ಗಾಡಿ ಹಗ್ಗಕ್ಕಿಂತ ಮುಂದೆ ಓಡಿ, ಹಗ್ಗ ಸಡಿಲವಾಗಿ, ಮತ್ತೆ ಜಗ್ಗಿ ಬಿಗಿಯಾಗುವಂತೆ ಆಗಬಾರದು. ಎಲ್ಲಕ್ಕಿಂತ ಹೆಚ್ಚು ಹಗ್ಗಗಳು ತುಂಡಾಗುವುದು ಆ ಜಗ್ಗುವಿಕೆಯಲ್ಲೇ ಎಂದು ನನ್ನ ಅಭಿಪ್ರಾಯ.

ಉತ್ತರ: ವಾರಾಂತ್ಯದ ಆಫ್‌ರೋಡರ್, ಕೆಂಗೇರಿ

ಹಗ್ಗದ ಬಗ್ಗೆ ಹೇಳುವುದಾದರೆ ನನ್ನ ಮತ ಸಿಂಥೆಟಿಕ್ ಕಡೆಗೆ. ಹಗುರ, ಕೈಗೆ ಚುಚ್ಚುವುದಿಲ್ಲ, ತುಂಡಾದರೆ ಉಕ್ಕಿನಂತೆ ಚಾಟಿ ಬೀಸುವುದಿಲ್ಲ. ಹಾಕಿಸುವುದಾದರೆ ರೋಲರುಗಳನ್ನು ತೆಗೆದು ರೋಲರಿಲ್ಲದ, ನುಣುಪಾದ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್ ಹಾಕಿಸಿ, ಏಕೆಂದರೆ ಉಕ್ಕಿನ ಹಗ್ಗ ರೋಲರಿನ ಮೇಲೆ ಮಾಡಿರುವ ಗೀರುಗಳೇ ಹೊಸ ಹಗ್ಗವನ್ನು ಕತ್ತರಿಸುತ್ತವೆ. ಡ್ರಮ್ಮಿನ ಒಳಮೈಯನ್ನೂ ಬೆರಳಾಡಿಸಿ ನೋಡಿ. ಮುಳ್ಳುಗಳಿದ್ದರೆ ಅರದಿಂದ ಉಜ್ಜಿ ನಯ ಮಾಡಿಸಿ. ಹೊಸ ಹಗ್ಗವನ್ನು ಸಡಿಲವಾಗಿ ಸುತ್ತಿಟ್ಟರೆ ಮೊದಲ ಭಾರಿ ಎಳೆತದಲ್ಲೇ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಏರಿನಲ್ಲಿ ವಾಹನವನ್ನೇ ಭಾರವಾಗಿಟ್ಟುಕೊಂಡು, ಸುತ್ತಿಗೆ ಸುತ್ತು ತಾಗುವಂತೆ ಒಮ್ಮೆ ಪೂರ್ತಿ ಸುತ್ತಿಸಬೇಕು.

ಕೆಸರಿನಲ್ಲಿ ಬಳಸಿದ ಮೇಲೆ ಹಗ್ಗವನ್ನು ಪೂರ್ತಿ ಹೊರಗೆಳೆದು ಬಕೆಟ್ ನೀರಿನಲ್ಲಿ ಅದ್ದಿ ತೊಳೆದು, ನೆರಳಿನಲ್ಲಿ ಒಣಗಿಸಿ ಸುತ್ತಿ. ಒಳಗೆ ಉಳಿದ ಮಣ್ಣಿನ ಕಣ ಎಳೆಗಳನ್ನು ಕೊಯ್ಯುತ್ತಿರುತ್ತದೆ. ಬೆಂಗಳೂರಿನಲ್ಲಿ ಗಾಡಿ ವಾರವಿಡೀ ಬಿಸಿಲಿನಲ್ಲಿ ನಿಲ್ಲುವುದಾದರೆ ಡ್ರಮ್ಮಿಗೊಂದು ಹೊದಿಕೆ ಹಾಕಿ. ಸೂರ್ಯನ ನೇರಳಾತೀತ ಕಿರಣ ಈ ಹಗ್ಗಕ್ಕೆ ಶತ್ರು. ಮೇಲ್ಮೈಯಲ್ಲಿ ತುಸು ನೂಲು ಎದ್ದಿರುವುದು ಸಹಜ, ಆದರೆ ಒಂದು ಎಳೆ ಪೂರ್ತಿ ಕತ್ತರಿಸಿದ್ದರೆ, ಅಥವಾ ಎಲ್ಲಾದರೂ ಕರಗಿ ಗಾಜಿನಂತೆ ಗಟ್ಟಿಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸದಾಗಿ ಹೆಣೆಸಬೇಕು.

ಉತ್ತರ: ಮಲೆನಾಡಿನ ತೋಟದವ, ಈಗ ಯಲಹಂಕ

ಸಿಂಥೆಟಿಕ್ ಹಗ್ಗ ಚಾಟಿ ಬೀಸುವುದಿಲ್ಲ ಎಂಬುದು ಹಗ್ಗದ ಮಟ್ಟಿಗೆ ಬಹುಪಾಲು ನಿಜ. ಆದರೆ ಮುರಿಯುವುದು ಯಾವಾಗಲೂ ಹಗ್ಗವೇ ಆಗಿರುವುದಿಲ್ಲ. ಎದುರಿನ ಗಾಡಿಯ ಕೊಕ್ಕೆಯ ಬೋಲ್ಟ್ ಕಿತ್ತುಬಂದರೆ ಶ್ಯಾಕಲ್ ಸಮೇತ ಕಬ್ಬಿಣದ ತುಂಡು ಹಾರಿಬರುತ್ತದೆ, ಆಗ ಹಗ್ಗ ಯಾವುದಾದರೇನು? ಹಳೆಯ ಪಿಕಪ್ಪುಗಳ ಮುಂದಿರುವ ತೆಳುವಾದ ಬಳೆ ಲಾರಿಯ ಮೇಲೆ ಗಾಡಿಯನ್ನು ಕಟ್ಟಿಹಾಕಲು ಇಟ್ಟಿದ್ದು. ಅದಕ್ಕೆ ವಿಂಚ್ ಹಾಕಬಾರದು. ಗೋಣಿಚೀಲ, ದೂರ, ಸನ್ನೆ ಇವೆಲ್ಲ ಎರಡೂ ಹಗ್ಗಕ್ಕೂ ಒಂದೇ.

ಇನ್ನೊಂದು ಮಾತು. ಅನೇಕ ವಿಂಚ್‌ಗಳಲ್ಲಿ ಬ್ರೇಕ್ ಇರುವುದು ಡ್ರಮ್ಮಿನೊಳಗೆ. ಭಾರವಿರುವಾಗ ಮೋಟಾರಿನಿಂದ ಹಗ್ಗವನ್ನು ಹೊರಬಿಡುತ್ತ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿದರೆ ಆ ಬ್ರೇಕ್ ಕಾದು ಡ್ರಮ್ ಸುಡುತ್ತದೆ. ಸಿಂಥೆಟಿಕ್ ಹಗ್ಗದ ನಾರು 150 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮುಂಚೆಯೇ ಬಲ ಕಳೆದುಕೊಳ್ಳುತ್ತದೆ. ತೋಟದಲ್ಲಿ ಇಳಿಸುವ ಕೆಲಸವೇ ಹೆಚ್ಚಾಗಿದ್ದರೆ, ಕಲ್ಲಿನ ಮೇಲೆ ಉಜ್ಜುವುದು ಹೆಚ್ಚಾಗಿದ್ದರೆ, ಉಕ್ಕಿನದೇ ಇರಲಿ. ಹಳೆಯ ಬಟ್ಟೆಯಿಂದ ಹಿಡಿದು ಅದರ ಉದ್ದಕ್ಕೂ ಎಳೆದು ನೋಡಿ. ಬಟ್ಟೆ ಸಿಕ್ಕಿಕೊಂಡಲ್ಲಿ ಮುರಿದ ಎಳೆ ಇದೆ. ಒಮ್ಮೆ ಮಡಿಸಿ ಗಂಟಾದ ಜಾಗವನ್ನು ಸುತ್ತಿಗೆಯಿಂದ ನೇರ ಮಾಡಿದರೂ ಅಲ್ಲಿ ಹೋದ ಬಲ ಮರಳುವುದಿಲ್ಲ.

ಉತ್ತರ: ಓದುಗ ವಕೀಲ

ಯಾರೂ ಎತ್ತದ ವಿಷಯವೊಂದಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಣೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, ಮತ್ತು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ವಿಂಚ್ ಕೂರಿಸಲು ಹಾಕುವ ಭಾರಿ ಉಕ್ಕಿನ ಬಂಪರ್ ಇದೇ ತಕರಾರಿಗೆ ಒಳಗಾಗಬಹುದು. ಅಪಘಾತದ ಆಘಾತ ಏರ್‌ಬ್ಯಾಗ್ ಸೆನ್ಸರನ್ನು ತಲುಪುವ ರೀತಿಯೇ ಬದಲಾಗಬಹುದು ಎಂಬುದು ದಂಡಕ್ಕಿಂತ ದೊಡ್ಡ ಚಿಂತೆ. ನಂಬರ್ ಪ್ಲೇಟ್ ಮತ್ತು ದೀಪಗಳು ಮರೆಯಾಗಿಲ್ಲವೇ ನೋಡಿಕೊಳ್ಳಿ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿರಿ.

ಪ್ರಶ್ನೆ ಕೇಳಿದವರು: ಬನಶಂಕರಿ ಥಾರ್

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆಯೇ ಅಳೆದು ನೋಡಿದೆ. ಎಳೆತದ ನಡುವೆ ಬ್ಯಾಟರಿಯಲ್ಲಿ 11.9 ವೋಲ್ಟ್ ಇತ್ತು, ಮೋಟಾರಿನಲ್ಲಿ 9.3 ಮಾತ್ರ. ಕಳೆದುಹೋದ 2.6ರಲ್ಲಿ 1.9 ವೋಲ್ಟ್ ಮೈನಸ್ ಕಡೆಯದೇ. ಅಂಗಡಿಯವರು ಅರ್ಥ್ ಕೇಬಲನ್ನು ಬ್ಯಾಟರಿಗೆ ತರದೆ ಬಂಪರಿನ ಬಣ್ಣ ಬಳಿದ ಬ್ರ್ಯಾಕೆಟ್ಟಿಗೆ ಬೋಲ್ಟ್ ಹಾಕಿ ಬಿಟ್ಟಿದ್ದರು. ಬಿಚ್ಚಿದಾಗ ಲಗ್ಗಿನ (ಕೇಬಲಿನ ತುದಿಯ ಲೋಹದ ಬಳೆಯ) ಕೆಳಗೆ ಬಣ್ಣ ಸುಟ್ಟು ಕಪ್ಪಾಗಿತ್ತು. 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ತಂದಿದ್ದೇನೆ. ಕೇಳಬೇಕಾದದ್ದು ಒಂದೇ: ಬ್ಯಾಟರಿಯ ಮೈನಸ್ ತುದಿಯಲ್ಲಿ ಚಿಕ್ಕದೊಂದು ಪೆಟ್ಟಿಗೆ ಮತ್ತು ತೆಳು ವೈರ್ ಇದೆ. ಅದರ ಯಾವ ಕಡೆಗೆ ಸೇರಿಸಬೇಕು? ಹಗ್ಗವನ್ನು ಸದ್ಯಕ್ಕೆ ಬದಲಿಸುವುದಿಲ್ಲ, ಏಕೆಂದರೆ ನಮ್ಮಲ್ಲಿ ಇಳಿಜಾರಿನ ಕೆಲಸವೇ ಜಾಸ್ತಿ.

ಉತ್ತರ: ಜೆ.ಸಿ. ರಸ್ತೆಯ ವೈರಿಂಗ್ ಕೆಲಸದವ

ಆ ಪೆಟ್ಟಿಗೆ ಬ್ಯಾಟರಿ ಸೆನ್ಸರ್. ಒಳಹೋಗುವ, ಹೊರಬರುವ ಕರೆಂಟನ್ನು ಅದು ಎಣಿಸುತ್ತದೆ. ವಿಂಚಿನ ಅರ್ಥನ್ನು ನೇರವಾಗಿ ಬ್ಯಾಟರಿಯ ತುದಿಗೆ ಹಾಕಿದರೆ ಆ ಕರೆಂಟ್ ಸೆನ್ಸರಿನ ಕಣ್ಣಿಗೆ ಬೀಳುವುದಿಲ್ಲ, ಬ್ಯಾಟರಿ ಬರಿದಾಗಿದ್ದರೂ ತುಂಬಿದೆ ಎಂದು ವಾಹನ ಭಾವಿಸಬಹುದು. ಆದ್ದರಿಂದ ಸೆನ್ಸರಿನ ಆಚೆ, ಕಂಪನಿಯ ಮೂಲ ಅರ್ಥ್ ಪಟ್ಟಿ ಚಾಸಿಗೆ ಬಂದು ಸೇರುವ ಬೋಲ್ಟಿಗೇ ನಿಮ್ಮ ಕೇಬಲ್ ಸೇರಿಸಿ. ಅಲ್ಲಿನ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ, ಬಿಗಿಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚಿ. ಮತ್ತೆ ಅದೇ ಪರೀಕ್ಷೆ ಮಾಡಿದಾಗ ಮೈನಸ್ ಕಡೆಯ ನಷ್ಟ ಅರ್ಧ ವೋಲ್ಟಿನೊಳಗೆ ಬರಬೇಕು. ಬಾರದಿದ್ದರೆ ಮೂಲ ಅರ್ಥ್ ಪಟ್ಟಿಯ ಎರಡೂ ತುದಿಗಳನ್ನು ಬಿಚ್ಚಿ ಒರೆಸಿ ನೋಡಿ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕೆಲವು ಮೀಟರ್ ಹಗ್ಗ ಬಿಟ್ಟು ಸುತ್ತಿಸಿ. ಮೋಟಾರಿನೊಳಗೆ ಕುಳಿತ ತೇವ ಆ ಬಿಸಿಗೆ ಆರುತ್ತದೆ. ವಾಟರ್ ವಾಶ್‌ಗೆ ಬಿಟ್ಟಾಗ ಕಂಟ್ರೋಲ್ ಬಾಕ್ಸಿನ ಮೇಲೆ ಪ್ರೆಶರ್ ಗನ್ ಹಿಡಿಯಬಾರದೆಂದು ಹುಡುಗರಿಗೆ ಮೊದಲೇ ಹೇಳಿ, ರಿಮೋಟಿನ ಸಾಕೆಟ್ಟಿಗೆ ಮುಚ್ಚಳ ಹಾಕಿದ್ದೀರಾ ಎಂದು ನೋಡಿಕೊಳ್ಳಿ.